ಸ್ಕ್ಯಾನರ್ ಕಣ್ಣಿಗೆ ಒಗ್ಗುವ ಕಪ್ಪುಬಿಳುಪು

ಕಪ್ಪುಬಿಳುಪು ರೋಲಿನ ಕಾಲ ಮುಗಿಯಿತೆಂದು ಈ ಎರಡು ದಶಕಗಳಲ್ಲಿ ಎಷ್ಟು ಸಲ ಕೇಳಿದ್ದೇವೆ! 2005ರಲ್ಲಿ ಜರ್ಮನಿಯ ಆಗ್ಫಾಫೋಟೋ ದಿವಾಳಿಯಾಯಿತು. 2012ರಲ್ಲಿ ಕೊಡಕ್ ದಿವಾಳಿ ಕಾಯ್ದೆಯ ರಕ್ಷಣೆ ಬೇಡಿತು. ‘ಇಂದು’ ರೋಲುಗಳನ್ನು ಕೊಟ್ಟ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಬಾಗಿಲು ಹಾಕಿತು. ಆದರೂ ಟ್ರೈ-ಎಕ್ಸ್, ಎಚ್‌ಪಿ5 ಪ್ಲಸ್ ಇಂದಿಗೂ ಸಿಗುತ್ತಿವೆ. ಫಿಲ್ಮ್ ಉಳಿಯಿತು, ಹೆಚ್ಚಿನವರಿಗೆ ಡಾರ್ಕ್‌ರೂಮ್ ಉಳಿಯಲಿಲ್ಲ. ತೊಳೆದ ನೆಗೆಟಿವ್ ಈಗ ನೇರ ಸ್ಕ್ಯಾನರಿಗೆ ಹೋಗುತ್ತದೆ.

ಈ ಹೊಸ ಹಾದಿಯಲ್ಲಿ ನಾವು ಮಾಡಿದ ದೊಡ್ಡ ತಪ್ಪೆಂದರೆ ಹಳೆಯ ಅಳತೆಗೋಲಿನಲ್ಲೇ ನೆಗೆಟಿವ್ ಅಳೆದದ್ದು. ಗಟ್ಟಿಯಾಗಿ ಡೆವಲಪ್ ಮಾಡಿದ ನೆಗೆಟಿವ್ ಸ್ಕ್ಯಾನರಿನಲ್ಲಿ ಸೋಲುತ್ತದೆ. ದಟ್ಟ ಭಾಗವನ್ನು ದಾಟಿ ಬರುವ ಬೆಳಕೇ ಕಡಿಮೆ. ಬೆಳ್ಳಿಯ ಕಣಗಳು ಅದನ್ನೂ ಚದುರಿಸುತ್ತವೆ. ಬಿಳಿ ಪಂಚೆಯ ನೆರಿಗೆ, ಮೋಡದ ಅಂಚು ಬಿಳುಪಿನಲ್ಲೇ ಕರಗಿಹೋಗುತ್ತವೆ. ನೆರಳಿಗೆ ಧಾರಾಳವಾಗಿ ಬೆಳಕು ಕೊಟ್ಟು, ಡೆವಲಪಿಂಗ್ ಸಮಯವನ್ನು ಶೇ. 10-15ರಷ್ಟು ಇಳಿಸುವುದೇ ಇದಕ್ಕೆ ಮದ್ದು. ಕಾಂಟ್ರಾಸ್ಟನ್ನು ಆಮೇಲೆ ಕಂಪ್ಯೂಟರಿನಲ್ಲಿ ಏರಿಸಬಹುದು. ಕಳೆದುಹೋದ ವಿವರವನ್ನು ತರಲಾಗದು.

ಧೂಳಿನ ಪಾಠವನ್ನೂ ತಡವಾಗಿ ಕಲಿತೆವು. ಧೂಳನ್ನು ಗುರುತಿಸಿ ಅಳಿಸುವ ಇನ್‌ಫ್ರಾರೆಡ್ ವ್ಯವಸ್ಥೆ ಬೆಳ್ಳಿಯ ಚಿತ್ರವನ್ನೇ ಧೂಳೆಂದು ಭಾವಿಸುತ್ತದೆ. ಇಲ್‌ಫರ್ಡ್ ಎಕ್ಸ್‌ಪಿ2 ಸೂಪರ್‌ಗೆ ಈ ತೊಡಕಿಲ್ಲ. ಕಲರ್ ಲ್ಯಾಬಿನ ಸಿ-41 ರಸಾಯನದಲ್ಲಿ ತೊಳೆದಾಗ ಅದರ ಬೆಳ್ಳಿಯೆಲ್ಲ ಹೋಗಿ ವರ್ಣದ್ರವ್ಯದ ಚಿತ್ರ ಉಳಿಯುತ್ತದೆ. ಇದೇ ಬಗೆಯ ಕೊಡಕ್ ಬಿಡಬ್ಲ್ಯೂ400ಸಿಎನ್ 2014ರಲ್ಲಿ ನಿಂತುಹೋದದ್ದು ನಿಜವಾದ ನಷ್ಟ.

ಲಾಭವೂ ಸಣ್ಣದಲ್ಲ. 35 ಎಂಎಂ ಫ್ರೇಮನ್ನು 4000 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 21 ಮೆಗಾಪಿಕ್ಸೆಲ್ ಸಿಗುತ್ತದೆ. 12x18 ಇಂಚಿನ ಒಳ್ಳೆಯ ಪ್ರಿಂಟಿಗೆ ಅಷ್ಟು ಸಾಕು. 2005ರಲ್ಲಿ ಎಪ್ಸನ್ ಮೂರು ಸಾಂದ್ರತೆಯ ಕಪ್ಪು ಶಾಯಿಗಳ ಕೆ3 ತಂದ ಮೇಲೆ, ಬೂದು ಛಾಯೆಗೆ ಬೇಡದ ಬಣ್ಣ ತಗಲುವ ಕಾಟ ಬಹಳ ತಗ್ಗಿತು. ದೊಡ್ಡ ಪ್ರಿಂಟಿನಲ್ಲಿ ನಯವಾದ ಗ್ರೇನ್ ಬಯಸುವವರಿಗೆ ಟಿ-ಮ್ಯಾಕ್ಸ್ 100, ಡೆಲ್ಟಾ 100 ಇವೆ.

ಇಷ್ಟು ವರ್ಷಗಳ ಲೆಕ್ಕ ಕೂಡಿಸಿದರೆ ನಮ್ಮ ತೀರ್ಮಾನ ಸರಳ: ಮನೆಯಲ್ಲೇ ತೊಳೆಯುವವರು ಎಚ್‌ಪಿ5 ಪ್ಲಸ್ ಕೊಂಡು ಮೆದುವಾಗಿ ಡೆವಲಪ್ ಮಾಡಲಿ, ಲ್ಯಾಬಿಗೆ ಕೊಡುವವರು ಎಕ್ಸ್‌ಪಿ2 ಸೂಪರ್ ಆರಿಸಲಿ. ಸ್ಕ್ಯಾನರುಗಳು ಬರುತ್ತವೆ, ಹೋಗುತ್ತವೆ. ನಿಕಾನ್ ಕೂಲ್‌ಸ್ಕ್ಯಾನ್ ತಯಾರಿಕೆ ನಿಂತು ವರ್ಷಗಳೇ ಆದವು. ನಾಳೆ ಇನ್ನೂ ಒಳ್ಳೆಯ ಯಂತ್ರ ಬಂದರೆ ಅದಕ್ಕೆ ಉಣಿಸಬೇಕಾದ್ದು ಇದೇ ನೆಗೆಟಿವನ್ನು. ಫೈಲ್ ಕೈಗೆ ಬಂತೆಂದು ಅದನ್ನು ಎಸೆಯಬೇಡಿ. ತಂಪಾದ, ಒಣ ಜಾಗದಲ್ಲಿ ಜೋಪಾನವಾಗಿಡಿ.