ಸಣ್ಣ ಮೀನುಗಾರಿಕಾ ದೋಣಿಗೆ ಬ್ಯಾಟರಿ: ತೆರಿಗೆ ಇಳಿಕೆಯ ನಂತರ ಆಯ್ಕೆ ಹೇಗಿರಬೇಕು?

2025ರ ಸೆಪ್ಟೆಂಬರ್ 22ರಿಂದ ಸೀಸ-ಆಮ್ಲ ಬ್ಯಾಟರಿಗಳ ಮೇಲಿನ ಜಿ.ಎಸ್.ಟಿ. ದರವು ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಲಿಥಿಯಂ-ಅಯಾನ್ ಬ್ಯಾಟರಿಗಳಿಗೆ 2018ರಿಂದಲೇ ಶೇ. 18ರ ದರ ಜಾರಿಯಲ್ಲಿತ್ತು. ಹೀಗಾಗಿ ಈಗ ಎರಡಕ್ಕೂ ಒಂದೇ ತೆರಿಗೆ. ಲಿಥಿಯಂಗೆ ಇದ್ದ ಅನುಕೂಲ ಇಲ್ಲವಾಗಿದೆ. ಇನ್ನೊಂದೆಡೆ ರಿಯಾಯಿತಿ ಸೀಮೆಎಣ್ಣೆಯ ಪೂರೈಕೆಯನ್ನು ನಂಬಿ ಕುಳಿತ ನಾಡದೋಣಿ ಮೀನುಗಾರರು ಪರ್ಯಾಯ ಶಕ್ತಿಮೂಲಗಳತ್ತ ನೋಡುತ್ತಿದ್ದಾರೆ. ಜಲಾಶಯ, ಕೆರೆ ಹಾಗೂ ಅಳಿವೆಗಳಲ್ಲಿ ಕೃಷಿಯ ಜೊತೆಗೆ ಮೀನುಗಾರಿಕೆ ಮಾಡುವ ರೈತ ಬಾಂಧವರಿಂದಲೂ "ಯಾವ ಬ್ಯಾಟರಿ ಕೊಳ್ಳಬೇಕು?" ಎಂಬ ಪ್ರಶ್ನೆ ಬರುತ್ತಿದೆ. ಅಂಗಡಿಯ ದರಪಟ್ಟಿಯೊಂದನ್ನೇ ನೋಡಿ ಉತ್ತರಿಸಿದರೆ ಸಾಲ ಮಾಡಿ ಕೊಂಡ ಬ್ಯಾಟರಿ ಎರಡನೆಯ ವರ್ಷವೇ ಕೈಕೊಡಬಹುದು. ನಡುನೀರಿನಲ್ಲಿ ಕೈಕೊಟ್ಟರೆ ಪ್ರಾಣಕ್ಕೇ ಅಪಾಯ.

ಯಾವ ದೋಣಿಗೆ ಸೂಕ್ತ?

ಕಡಲಿಗಿಳಿಯುವ ನಾಡದೋಣಿಯ 9.9 ಅಶ್ವಶಕ್ತಿಯ ಹೊರಯಂತ್ರವು ಪೂರ್ಣ ವೇಗದಲ್ಲಿ ಸುಮಾರು 7.4 ಕಿಲೋವ್ಯಾಟ್ ಶಕ್ತಿ ನೀಡುತ್ತದೆ. ಎರಡು ಗಂಟೆಯ ಓಟಕ್ಕೆ ಸುಮಾರು 15 ಯೂನಿಟ್ ಬೇಕು. 12.8 ವೋಲ್ಟ್, 100 ಆಂಪಿಯರ್-ಗಂಟೆಯ ಒಂದು ಲಿಥಿಯಂ ಬ್ಯಾಟರಿಯಲ್ಲಿ ಇರುವುದು 1.28 ಯೂನಿಟ್ ಮಾತ್ರ. ಅಂದರೆ ಇಂತಹ ಕನಿಷ್ಠ ಹನ್ನೆರಡು ಬ್ಯಾಟರಿಗಳು ಬೇಕಾಗುತ್ತವೆ. ಸಣ್ಣ ದೋಣಿಗೆ ಈ ಭಾರವಾಗಲಿ ವೆಚ್ಚವಾಗಲಿ ಹೊಂದುವುದಿಲ್ಲ. ಆದುದರಿಂದ ಕಡಲ ದೋಣಿಗಳಲ್ಲಿ ಬ್ಯಾಟರಿಯನ್ನು ದೀಪ, ಜಿ.ಪಿ.ಎಸ್. ಮತ್ತು ವಿ.ಹೆಚ್.ಎಫ್. ರೇಡಿಯೋಗಳಿಗೆ ಸೀಮಿತಗೊಳಿಸುವುದು ಉತ್ತಮ. ನಿಧಾನ ಓಟ ಸಾಕಾಗುವ ಹಿನ್ನೀರು, ಕೆರೆ ಮತ್ತು ಶಾಂತ ಅಳಿವೆಗಳಲ್ಲಿ ವಿದ್ಯುತ್ ಮೋಟಾರು ನಿಜಕ್ಕೂ ಪ್ರಯೋಜನಕಾರಿ.

ದಿನದ ಕೆಲಸವೇ ಅಳತೆಗೋಲು

ಒಂದು ಉದಾಹರಣೆಯನ್ನು ಪರಿಶೀಲಿಸೋಣ. 12 ವೋಲ್ಟಿನ ಮೋಟಾರು ಮಧ್ಯಮ ವೇಗದಲ್ಲಿ 30 ಆಂಪಿಯರ್‌ನಂತೆ ಒಂದೂವರೆ ಗಂಟೆ ಓಡಿದರೆ 45 ಆಂಪಿಯರ್-ಗಂಟೆ, ಪೂರ್ಣ ವೇಗದಲ್ಲಿ 50 ಆಂಪಿಯರ್‌ನಂತೆ ಅರ್ಧ ಗಂಟೆ ಓಡಿದರೆ 25, ದೀಪಗಳಿಗೆ 8, ಮೀನು ಶೋಧಕ ಮತ್ತು ಜಿ.ಪಿ.ಎಸ್.ಗೆ 6. ಒಟ್ಟು 84. ಎದುರುಗಾಳಿ ಅಥವಾ ಸೆಳೆತ ಬಂದಾಗ ಬೇಕಾಗುವ ಮೀಸಲಾಗಿ ಇದರ ಮೂರನೆಯ ಒಂದು ಭಾಗ ಸೇರಿಸಿದರೆ 112 ಆಂಪಿಯರ್-ಗಂಟೆ.

ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದರ ಆಯುಷ್ಯ ಬೇಗ ಕುಗ್ಗುತ್ತದೆ. ಆದುದರಿಂದ ಮೇಲಿನ ಕೆಲಸಕ್ಕೆ ಸುಮಾರು 224 ಆಂಪಿಯರ್-ಗಂಟೆಯ ಸಾಮರ್ಥ್ಯ ಬೇಕು. ತೂಕ ಸುಮಾರು 60 ಕಿ.ಗ್ರಾಂ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಶೇ. 80ರಷ್ಟನ್ನು ಬಳಸಬಹುದಾದ ಕಾರಣ 140 ಸಾಕು. ತೂಕ 20 ಕಿ.ಗ್ರಾಂ ಒಳಗೆ. ಲಾರಿ ಅಥವಾ ಟ್ರ್ಯಾಕ್ಟರಿನ ಬ್ಯಾಟರಿಯನ್ನು ಎಂಜಿನ್ ಚಾಲನೆಗಾಗಿ ಕ್ಷಣಕಾಲ ಹೆಚ್ಚು ವಿದ್ಯುತ್ ನೀಡಲು ರೂಪಿಸಲಾಗಿದೆ. ಅದನ್ನು ಮೋಟಾರಿಗೆ ಬಳಸಬಾರದು. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿಯಲ್ಲಿ ದ್ರವ ಆಮ್ಲವಿರುವುದರಿಂದ ಓಲಾಡುವ ದೋಣಿಯಲ್ಲಿ ಚೆಲ್ಲುವ ಅಪಾಯವಿದೆ. ಸೀಸ-ಆಮ್ಲವನ್ನೇ ಆರಿಸುವವರು ಆಳ ಬಳಕೆಗೆ ತಕ್ಕ, ಮುಚ್ಚಿದ ಎ.ಜಿ.ಎಂ. ಮಾದರಿಯನ್ನು ಕೊಳ್ಳುವುದು ಸೂಕ್ತ.

ವರ್ಷಕ್ಕೆ ಎಷ್ಟು ದಿನ ನೀರಿಗಿಳಿಯುತ್ತೀರಿ?

ಬೆಲೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಅರ್ಧದಷ್ಟು ಬಳಸುತ್ತಾ ಹೋದರೆ ಸೀಸ-ಆಮ್ಲ ಬ್ಯಾಟರಿ ಸುಮಾರು 500 ಬಾರಿಯ ಬಳಕೆಗೆ ಬರುತ್ತದೆ; ಉತ್ತಮ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 2000 ಬಾರಿಗೂ ಮೀರಿ. ವರ್ಷಕ್ಕೆ 200 ದಿನ ಬಲೆ ಬೀಸುವವರಿಗೆ ಮೊದಲನೆಯದು ಎರಡೂವರೆ ವರ್ಷ, ಎರಡನೆಯದು ಹತ್ತು ವರ್ಷ ಬಾಳುತ್ತದೆ. ಇಂತಹವರಿಗೆ ಲಿಥಿಯಂನ ಒಟ್ಟು ಬೆಲೆ ಸೀಸ-ಆಮ್ಲದ ಒಟ್ಟು ಬೆಲೆಯ ನಾಲ್ಕು ಪಟ್ಟಿನೊಳಗಿದ್ದರೆ, ಸಾಲದ ಬಡ್ಡಿಯನ್ನು ಬಿಟ್ಟು ನೋಡಿದಾಗ, ನಷ್ಟವಿಲ್ಲ. ವರ್ಷಕ್ಕೆ 60 ದಿನ ಮಾತ್ರ ನೀರಿಗಿಳಿಯುವ ರೈತರ ಲೆಕ್ಕವೇ ಬೇರೆ. ಬಳಕೆ ಕಡಿಮೆಯಿದ್ದರೂ ಸೀಸ-ಆಮ್ಲ ಬ್ಯಾಟರಿ ನಾಲ್ಕೈದು ವರ್ಷಗಳಲ್ಲಿ ವಯಸ್ಸಾಗಿಯೇ ಹಾಳಾಗುತ್ತದೆ. ಲಿಥಿಯಂ ಕೂಡ ಹತ್ತು ವರ್ಷದ ಆಚೆಗೆ ನೆಚ್ಚುವಂತಿಲ್ಲ. ಅವರಿಗೆ ಲಿಥಿಯಂನ ಬೆಲೆ ಎರಡು ಪಟ್ಟು ಮೀರಿದರೆ ಸೀಸ-ಆಮ್ಲವೇ ಲೇಸು. ತೆರಿಗೆ ಇಳಿಕೆಯ ನಿಜವಾದ ಲಾಭ ದೊರೆಯುವುದು ಈ ವರ್ಗಕ್ಕೆ. ಹೋಲಿಕೆ ಮಾಡುವಾಗ ಒಂದು ಬ್ಯಾಟರಿಯ ಬೆಲೆಯನ್ನಲ್ಲ, ಮೇಲಿನ ಲೆಕ್ಕದಂತೆ ಬೇಕಾಗುವ ಪೂರ್ಣ ಜೋಡಣೆಯ ಬೆಲೆಯನ್ನು ಗಮನಿಸಬೇಕು.

ಜೋಡಣೆಯಲ್ಲಿ ಪಾಲಿಸಬೇಕಾದ ಕ್ರಮಗಳು

1. ಬ್ಯಾಟರಿಯನ್ನು ದೋಣಿಯ ತಳಭಾಗದಲ್ಲಿ, ಮಧ್ಯಕ್ಕೆ ಸಮೀಪವಾಗಿ ಪೆಟ್ಟಿಗೆಯೊಳಗಿಟ್ಟು ಪಟ್ಟಿಯಿಂದ ಬಿಗಿಯಬೇಕು. ಬಿಸಿಲು ತಾಗದಂತೆ ನೋಡಿಕೊಳ್ಳಬೇಕು. ಉಷ್ಣತೆ ಏರಿದಷ್ಟೂ ಆಯುಷ್ಯ ಇಳಿಯುತ್ತದೆ.

2. ಸೀಸ-ಆಮ್ಲ ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಹೊರಬರುತ್ತದೆ. ಪೆಟ್ಟಿಗೆಗೆ ಗಾಳಿಕಿಂಡಿ ಇರಲಿ. ಇಂಧನ ಟ್ಯಾಂಕಿನಿಂದ ದೂರವಿರಲಿ. ಉಪ್ಪುನೀರು ಆಮ್ಲದೊಡನೆ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಉಂಟಾಗಬಹುದು.

3. ಧನ ಧ್ರುವದಿಂದ ಒಂದು ಗೇಣಿನೊಳಗೆ ಸೂಕ್ತ ಫ್ಯೂಸ್ ಅಳವಡಿಸಬೇಕು. ಫ್ಯೂಸ್ ಇಲ್ಲದ ಜೋಡಣೆಯಲ್ಲಿ ತಂತಿ ಸವೆದು ತಾಗಿದರೆ ಬೆಂಕಿ ಖಚಿತವೆಂದೇ ಭಾವಿಸಬೇಕು.

4. 50 ಆಂಪಿಯರ್ ಮೋಟಾರಿಗೆ ಹೋಗಿಬರುವ ತಂತಿಯ ಒಟ್ಟು ಉದ್ದ 6 ಮೀಟರ್ ಇದ್ದರೆ ಕನಿಷ್ಠ 16 ಚದರ ಮಿ.ಮೀ. ತಾಮ್ರದ ತಂತಿ ಬೇಕು. ತವರ ಲೇಪಿತ ತಂತಿಯು ಉಪ್ಪುಗಾಳಿಯನ್ನು ತಡೆದುಕೊಳ್ಳುತ್ತದೆ.

5. ಹಳೆಯದು ಮತ್ತು ಹೊಸದನ್ನು, ಸೀಸ-ಆಮ್ಲ ಮತ್ತು ಲಿಥಿಯಂ ಅನ್ನು ಒಂದೇ ಜೋಡಣೆಯಲ್ಲಿ ಬೆರೆಸಬಾರದು. ಆಯಾ ವಿಧಕ್ಕೆ ಹೊಂದುವ ಚಾರ್ಜರನ್ನೇ ಬಳಸಬೇಕು.

6. ಲಿಥಿಯಂ ಬ್ಯಾಟರಿಯೊಳಗಿನ ರಕ್ಷಣಾ ಮಂಡಲವು ಬ್ಯಾಟರಿ ಖಾಲಿಯಾದಾಗ ಮುನ್ಸೂಚನೆಯಿಲ್ಲದೆ ವಿದ್ಯುತ್ ಕಡಿತಗೊಳಿಸುತ್ತದೆ. ಆದುದರಿಂದ ದೀಪ ಮತ್ತು ಸಂಪರ್ಕ ಸಾಧನಗಳಿಗೆ ಪ್ರತ್ಯೇಕ ಸಣ್ಣ ಬ್ಯಾಟರಿ ಇರಬೇಕು. ಹುಟ್ಟನ್ನು ಮನೆಯಲ್ಲಿ ಬಿಟ್ಟು ಹೋಗಬಾರದು.

ಮಳೆಗಾಲದಲ್ಲಿ ದೋಣಿ ದಡದಲ್ಲಿರುವಾಗ ಸೀಸ-ಆಮ್ಲ ಬ್ಯಾಟರಿಯನ್ನು ಪೂರ್ಣ ಚಾರ್ಜ್ ಮಾಡಿಟ್ಟು ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡಬೇಕು. ಲಿಥಿಯಂ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜಿನಲ್ಲಿಟ್ಟು ತಂತಿಗಳನ್ನು ಕಳಚಿಡಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹಣೆ ಉತ್ಪಾದಕರ ಹೊಣೆ. ಅವುಗಳನ್ನು ಮಾರಾಟಗಾರರಿಗೆ ಮರಳಿಸಬೇಕೇ ಹೊರತು ಆಮ್ಲವನ್ನು ಕೆರೆಯಂಚಿನಲ್ಲಿ ಸುರಿಯಬಾರದು. ಸೀಸದ ವಿಷ ಮೀನಿನ ಮೂಲಕ ನಮ್ಮ ತಟ್ಟೆಗೇ ಮರಳುತ್ತದೆ.

ವಿಸ್ತರಣಾ ಕಾರ್ಯಕರ್ತರು ಸಾಲ ಅಥವಾ ಸಹಾಯಧನದ ಅರ್ಜಿ ಸಿದ್ಧಪಡಿಸುವ ಮೊದಲು ಮೂರು ಅಂಕಿಗಳನ್ನು ಕೇಳಿ ಬರೆದುಕೊಳ್ಳಬೇಕೆಂದು ಸಲಹೆ ನೀಡಲಾಗಿದೆ: ದಿನಕ್ಕೆ ಎಷ್ಟು ಗಂಟೆಯ ಓಟ, ವರ್ಷಕ್ಕೆ ಎಷ್ಟು ದಿನ, ದೋಣಿ ತಡೆಯಬಲ್ಲ ಭಾರವೆಷ್ಟು. ಈ ಮೂರು ತಿಳಿದರೆ ಯಾವ ಬ್ಯಾಟರಿ ಎಂಬುದನ್ನು ಮಾರಾಟಗಾರರಲ್ಲ, ಮೀನುಗಾರರೇ ನಿರ್ಧರಿಸಬಲ್ಲರು.