ಎರಡನೇ ಹಂತಕ್ಕೇ ನಿಂತುಹೋದ ನ್ಯಾಯ

ಸಂಜಯನಗರದ ನಲ್ಲಿಗೆ ಕಾವೇರಿ ಬರುವುದು ಸುಮಾರು 100 ಕಿ.ಮೀ. ದೂರದಿಂದ, ಅರ್ಧ ಕಿ.ಮೀ. ಎತ್ತರಕ್ಕೆ ಪಂಪ್ ಆಗಿ. ಬಳಸಿ ಬಿಟ್ಟ ನೀರು ಯಾವ ನದಿಗೆ ಹೋಗುತ್ತದೆ ಎಂದು ಅಲ್ಲಿ ಯಾರನ್ನಾದರೂ ಕೇಳಿ. ಮೋರಿಗೆ ಹೋಗುತ್ತದೆ ಅನ್ನುತ್ತಾರೆ. ಆ ಮೋರಿಗೂ ಒಂದು ವಿಳಾಸವಿದೆ. ಹೆಬ್ಬಾಳ ಕಣಿವೆಗಿಳಿದು, ನಾಗವಾರ, ಕಲ್ಕೆರೆ, ರಾಂಪುರ, ಎಲೆಮಲ್ಲಪ್ಪಶೆಟ್ಟಿ ಕೆರೆಗಳ ದಾರಿ ಹಿಡಿದು ಅದು ಸೇರುವುದು ದಕ್ಷಿಣ ಪಿನಾಕಿನಿಯನ್ನು. ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ಮಳೆಗಾಲದಲ್ಲಿ ಗುಡ್ಡೆ ಗುಡ್ಡೆಯಾಗಿ ಏಳುವ ನೊರೆಯ ಫೋಟೊ ನೀವು ನೋಡಿರುತ್ತೀರಿ. ಅದರಲ್ಲಿ ನಮ್ಮ ನಗರದ ಸೋಪಿನ ಪಾಲೂ ಇದೆ.

ನಡುವೆ ನಿಂತಿರುವ ಕಾವಲುಗಾರ ಹೆಬ್ಬಾಳದ ಕೊಳಚೆ ನೀರು ಶುದ್ಧೀಕರಣ ಘಟಕ. ಅದರ ಕೆಲಸವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಕಸ, ಮರಳು ಸೋಸಿ, ಗಾಳಿ ಊದಿ, ಸೂಕ್ಷ್ಮಜೀವಿಗಳಿಗೆ ಕೊಳಕು ತಿನ್ನಿಸಿ, ಕೆಸರು ಕೆಳಗಿಳಿಸಿ ನೀರು ಹೊರಬಿಡುತ್ತದೆ. ಇದಿಲ್ಲದಿದ್ದರೆ ಪಿನಾಕಿನಿ ಈಗಿನದಕ್ಕಿಂತ ಎಷ್ಟೋ ಪಾಲು ಹೆಚ್ಚು ಗಬ್ಬಾಗಿರುತ್ತಿತ್ತು. ಆದರೆ ಇದು ಎರಡನೇ ಹಂತ. ಭಾರಲೋಹ, ಔಷಧಿಗಳ ಉಳಿಕೆ ಮುಂತಾದವನ್ನು ಪೂರ್ತಿ ಹಿಡಿಯುವ ಶಕ್ತಿ ಈ ಹಂತಕ್ಕಿಲ್ಲ. ಘಟಕಕ್ಕೆ ಹೋಗದೆ ನೇರ ರಾಜಕಾಲುವೆಗೆ ಬಿಟ್ಟ ಕೊಳಚೆಯ ಲೆಕ್ಕವಂತೂ ಬೇರೆ.

ಹೀಗೆ ಎರಡನೇ ಹಂತಕ್ಕೇ ನಿಂತ ನೀರನ್ನು ಎಚ್.ಎನ್. ವ್ಯಾಲಿ ಯೋಜನೆಯಡಿ ದಿನಕ್ಕೆ 210 ದಶಲಕ್ಷ ಲೀಟರಿನಂತೆ ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಮತ್ತು ನಗರ ಜಿಲ್ಲೆಗಳ 65 ಕೆರೆಗಳಿಗೆ ತುಂಬಿಸುವುದು ಸರ್ಕಾರದ ಲೆಕ್ಕ. ಕೋಲಾರಕ್ಕೆ ಕೆ.ಸಿ. ವ್ಯಾಲಿ. ವಿಚಿತ್ರ ನೋಡಿ: ಅರ್ಕಾವತಿ, ಪಾಲಾರ್, ಚಿತ್ರಾವತಿ, ಎರಡೂ ಪಿನಾಕಿನಿಗಳು ಹುಟ್ಟುವ ನಂದಿ ಬೆಟ್ಟದ ಸೀಮೆಗೆ ನಾವು ಪೈಪಿನಲ್ಲಿ ಕಳಿಸುತ್ತಿರುವುದು ಬೆಂಗಳೂರಿನ ಬಚ್ಚಲು ನೀರು.

‘ಸಾವಿರ ಅಡಿ ಕೊರೆದರೂ ನೀರಿಲ್ಲದವರಿಗೆ ಇಷ್ಟಾದರೂ ಸಿಕ್ಕಿತಲ್ಲ’ ಎನ್ನುವವರಿದ್ದಾರೆ. ಕೆರೆ ತುಂಬಿದ ಮೇಲೆ ಬತ್ತಿದ ಬೋರ್‌ವೆಲ್‌ಗಳು ಎದ್ದದ್ದು ಸುಳ್ಳಲ್ಲ. ಪೈಪು ಕಿತ್ತೆಸೆಯಿರಿ ಎಂದು ನಾವೂ ಹೇಳುತ್ತಿಲ್ಲ. ಆದರೆ ‘ಇಷ್ಟಾದರೂ’ ಎಂಬ ಮಾತು ಭಿಕ್ಷೆ ಹಾಕುವವರ ಮಾತು. ಆ ಬೋರ್‌ವೆಲ್ ಕ್ಯಾರೆಟ್ಟಿಗೆ, ಹಿಪ್ಪುನೇರಳೆಗೆ ಮಾತ್ರ ನೀರು ಕೊಡುವುದಿಲ್ಲ, ಊರಿನ ಕುಡಿಯುವ ನೀರಿನ ಟ್ಯಾಂಕಿಗೂ ಕೊಡುತ್ತದೆ. 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಾಗ ಹೈಕೋರ್ಟ್ ನೀರು ಬಿಡುವುದನ್ನೇ ತಡೆದಿತ್ತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿ, ಏಪ್ರಿಲ್‌ನಲ್ಲಿ ತೆರವು ಮಾಡಿತು. ತಡೆ ತೆರವಾಯಿತೇ ಹೊರತು ಮೂರನೇ ಹಂತ ಬೇಕೆಂಬ ರೈತರ ಬೇಡಿಕೆ ತೀರಲಿಲ್ಲ.

ದುಡ್ಡೆಲ್ಲಿದೆ ಎಂದು ಕೇಳುತ್ತಾರೆ. ಕಾವೇರಿ ಐದನೇ ಹಂತಕ್ಕೆ ದುಡ್ಡು ಸಿಕ್ಕಿ, 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯೂ ಆಯಿತು. ನಗರಕ್ಕೆ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ತರುವಾಗ ಅಷ್ಟೂ ಕೊಳಚೆಯಾಗಿ ಎಲ್ಲಿಗೆ ಇಳಿಯುತ್ತದೆಂಬ ಪ್ರಶ್ನೆಗೂ ಅದೇ ಬಜೆಟ್ಟಿನಲ್ಲಿ ಜಾಗ ಇರಬೇಕಿತ್ತು. ದುಬಾರಿ ಯಂತ್ರವೇ ಬೇಕೆಂದೂ ಇಲ್ಲ. ಯಲಹಂಕದ ಪಕ್ಕದ ಜಕ್ಕೂರಿಗೆ ಹೋಗಿ ನೋಡಿ: ಘಟಕದಿಂದ ಬಂದ ನೀರು ಕೆರೆಗೆ ಬೀಳುವ ಮುಂಚೆ ಜೊಂಡು ಬೆಳೆದ ಜೌಗಿನಲ್ಲಿ ನಿಧಾನ ಹಾಯುತ್ತದೆ, ಗಿಡಗಳೇ ಸಾರಜನಕ, ರಂಜಕವನ್ನು ಹೀರುತ್ತವೆ. ಜೌಗು ಎಲ್ಲ ವಿಷಕ್ಕೂ ಮದ್ದಲ್ಲ, ಸರಿ. ಆದರೆ ನೀರು ಬೀಳುವ 65 ಕೆರೆಗಳ ಬಾಯಲ್ಲೂ ಅಂಥದ್ದೊಂದನ್ನು ಮಾಡಲು ಏನಡ್ಡಿ?

ಸಂಜಯನಗರದ ಗೆಳೆಯರಿಗೂ ಒಂದು ಮಾತು. ಮಳೆನೀರಿನ ಚರಂಡಿಗೆ ಕಕ್ಕಸಿನ ಪೈಪು ಜೋಡಿಸಿದ ಕಟ್ಟಡಗಳು ನಿಮ್ಮ ಬೀದಿಯಲ್ಲಿದ್ದರೆ ಜಲಮಂಡಳಿಗೆ ದೂರು ಕೊಡಿ. ಅಧಿಕಾರಿಗಳು ಮಾಡಬೇಕಾದ್ದು ಇಷ್ಟು: ಪ್ರತಿ ಕೆರೆಯ ನೀರಿನ ಪರೀಕ್ಷೆಯ ಫಲಿತಾಂಶವನ್ನು ಪ್ರತಿ ತಿಂಗಳೂ ಆಯಾ ಗ್ರಾಮ ಪಂಚಾಯಿತಿಯ ಬೋರ್ಡಿನಲ್ಲಿ ಬರೆಸಿ, ಕನ್ನಡದಲ್ಲಿ. ಬರೆಸುವಷ್ಟು ಧೈರ್ಯವಿಲ್ಲದಿದ್ದರೆ ಆ ನೀರನ್ನು ‘ಶುದ್ಧೀಕರಿಸಿದ್ದು’ ಎಂದು ಕರೆಯುವುದನ್ನು ನಿಲ್ಲಿಸಿ.