ಕಂದು ಹಾಕಿದ ಕುರಿಯನ್ನು ಸಂತೆಗೆ ಹೊಡೆಯುವ ಮುನ್ನ

ಕುರಿಗಳನ್ನು ನಂಬಿ ಬಾಳುವ ಸಂಸಾರಕ್ಕೆ ಮರಿಯೇ ವರ್ಷದ ಬೆಳೆಯಾಗಿರುತ್ತದೆ. ದಖನಿ ತಳಿಯ ಒರಟು ಉಣ್ಣೆಗೆ ಹಿಂದಿದ್ದ ಬೆಲೆ ಈಗ ಉಳಿದಿಲ್ಲ. ಹೊಲಗಳಲ್ಲಿ ಮಂದೆ ನಿಲ್ಲಿಸಿದುದಕ್ಕೆ ದೊರೆಯುವ ಕಾಳುಕಡಿಯೂ ಹಣವೂ ವರ್ಷದಲ್ಲಿ ಕೆಲವೇ ತಿಂಗಳ ಖರ್ಚಿಗೆ ಒದಗುವುವು. ಆದುದರಿಂದ ಸಾಲ ತೀರುವುದೂ ಮದುವೆ ನಡೆಯುವುದೂ ಮರಿಗಳನ್ನು ಮಾರಿ ಬಂದ ಹಣದಿಂದಲೇ. 2019ನೆಯ ಇಸವಿಯ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1 ಕೋಟಿ 10 ಲಕ್ಷ ಕುರಿಗಳಿದ್ದು, ತೆಲಂಗಾಣ ಮತ್ತು ಆಂಧ್ರಪ್ರದೇಶಗಳ ತರುವಾಯ ಈ ರಾಜ್ಯವೇ ಮೂರನೆಯದಾಗಿತ್ತು. ಇಷ್ಟು ದೊಡ್ಡ ಸಂಪತ್ತಿನಲ್ಲಿ ಸುಮಾರು 150 ದಿನ ಗಬ್ಬ ಹೊರಬೇಕಾದ ಕುರಿಗಳು ತಿಂಗಳು ತುಂಬುವುದಕ್ಕೆ ಮೊದಲೇ ಒಂದರ ಹಿಂದೊಂದು ಕಂದು ಹಾಕಿದರೆ, ಅದು ಪೈರು ತೆನೆಗಟ್ಟುವ ಕಾಲದಲ್ಲಿ ಬೆಂಕಿ ಬಿದ್ದ ಹಾಗೆಯೇ ಸರಿ.

ಹೀಗಾದಾಗ ನಡೆಯುವುದೇನು? ಕಂದನ್ನೂ ಮಾಸನ್ನೂ ಬೇಲಿಯಾಚೆಗೆ ಎಸೆಯುವರು. ನಾಯಿಗಳು ಅದನ್ನು ಎಳೆದಾಡುವುವು. ದೃಷ್ಟಿ ತಗುಲಿತೆಂದೋ, ನಾಯಿಯೋ ತೋಳವೋ ಬೆದರಿಸಿತೆಂದೋ, ಟಗರು ಗುದ್ದಿತೆಂದೋ ಹೇಳಿ ಸಮಾಧಾನ ತಂದುಕೊಳ್ಳುವರು. ಬಳಿಕ ಆ ಕುರಿಯನ್ನು ಮುಂದಿನ ಸಂತೆಗೆ ಹೊಡೆದು, ಸಿಕ್ಕಿದ ಬೆಲೆಗೆ ಮಾರಿ, ಬೇರೊಂದು ಹೆಣ್ಣುಕುರಿಯನ್ನು ಕೊಂಡು ತರುವರು. ಈ ಕೊನೆಯ ಕಾರ್ಯವು ಮೇಲ್ನೋಟಕ್ಕೆ ಜಾಣತನವಾಗಿ ತೋರುತ್ತದೆ. ಆದರೆ ಕುರಿಗಾರನಿಗೂ ಅವನ ನೆರೆಯವರಿಗೂ ಇದರಷ್ಟು ಹಾನಿಕರವಾದ ಪದ್ಧತಿ ಬೇರೊಂದಿಲ್ಲ. ಕಾರಣ ತಿಳಿಯುವವರೆಗೆ ಕಂದು ಹಾಕಿದ ಕುರಿಯನ್ನು ಮಾರಲೂ ಕೂಡದು, ಮಂದೆಯೊಡನೆ ಬೆರೆಸಲೂ ಕೂಡದು.

ಬೆದರಿಕೆ, ಮೇವಿನ ಅಭಾವ, ದೂರದ ಪ್ರಯಾಣ, ವಿಷದ ಗಿಡಗಳು ಮುಂತಾದುವುಗಳಿಂದ ಗಬ್ಬ ಜಾರುವುದುಂಟು. ನೂರು ಗಬ್ಬದ ಕುರಿಗಳಲ್ಲಿ ಒಂದೆರಡು ಹೀಗೆ ಕಂದು ಹಾಕಿದರೆ ಅಷ್ಟಾಗಿ ಗಾಬರಿಪಡಬೇಕಾದುದಿಲ್ಲ. ಆದರೆ ನೂರಕ್ಕೆ ಐದನ್ನು ಮೀರಿದಾಗ, ಅಥವಾ ಕೆಲವೇ ದಿನಗಳೊಳಗೆ ಎರಡು ಮೂರು ಕುರಿಗಳು ಒಟ್ಟಿಗೆ ಕಂದು ಹಾಕಿದಾಗ, ಅದನ್ನು ಅಂಟುಜಾಡ್ಯವೆಂದೇ ಭಾವಿಸಿ ನಡೆಯುವುದು ಕ್ಷೇಮ.

ಅಂಟುಜಾಡ್ಯವೆಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಬ್ರೂಸೆಲ್ಲಾ, ಕ್ಲಮೈಡಿಯಾ, ಕ್ಯಾಂಪಿಲೊಬ್ಯಾಕ್ಟರ್, ಸಾಲ್ಮೊನೆಲ್ಲಾ, ಲಿಸ್ಟೀರಿಯಾ, ಕ್ಯೂ ಜ್ವರದ ಕಾಕ್ಸಿಯೆಲ್ಲಾ ಎಂಬ ಸೂಕ್ಷ್ಮಜೀವಿಗಳೂ, ಬೆಕ್ಕಿನ ಮಲದಿಂದ ಮೇವು ನೀರುಗಳಿಗೆ ಸೇರುವ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯೂ ಗಬ್ಬವನ್ನು ಕೆಡಿಸಬಲ್ಲುವು. ಪಿ.ಪಿ.ಆರ್. ಎಂದು ಕರೆಯುವ ಹಿರೇಬೇನೆ, ಕಚ್ಚುವ ಸಣ್ಣ ನುಸಿಗಳಿಂದ ಹರಡುವ ನೀಲಿ ನಾಲಿಗೆ ರೋಗ ಮುಂತಾದ ವೈರಸ್ ರೋಗಗಳಲ್ಲಿಯೂ ಕುರಿಗಳು ಕಂದು ಹಾಕುವುದುಂಟು. ನೆಲದ ಮೇಲೆ ಬಿದ್ದ ಕಂದನ್ನು ನೋಡಿದ ಮಾತ್ರದಿಂದ ಇವುಗಳಲ್ಲಿ ಯಾವುದೆಂದು ನಿರ್ಣಯಿಸುವುದು ಎಂಥ ಅನುಭವಶಾಲಿಗೂ ಸಾಧ್ಯವಿಲ್ಲ.

ಆದರೆ ಮಾಡಬೇಕಾದ ಕಾರ್ಯವೆಲ್ಲವೂ ಈ ನಿರ್ಣಯವನ್ನೇ ಅವಲಂಬಿಸಿದೆ. ಟಾಕ್ಸೊಪ್ಲಾಸ್ಮಾದಿಂದ ಕಂದು ಹಾಕಿದ ಕುರಿಯು ಸಾಮಾನ್ಯವಾಗಿ ಆ ರೋಗವನ್ನು ಎದುರಿಸುವ ಶಕ್ತಿಯನ್ನು ಪಡೆದು, ಮುಂದೆ ಸುಖವಾಗಿ ಈಯುತ್ತದೆ. ಅದನ್ನು ಮಾರಿ, ಆ ರೋಗವನ್ನೇ ಕಾಣದ ಹೊಸ ಕುರಿಯನ್ನು ತಂದರೆ, ಗಟ್ಟಿಯಾದುದನ್ನು ಕಳೆದು ದುರ್ಬಲವಾದುದನ್ನು ಕೊಂಡಂತಾಯಿತು. ಬ್ರೂಸೆಲ್ಲಾದ ಸಂಗತಿ ಬೇರೆ. ಅದು ತಗುಲಿದ ಕುರಿಯು ನೋಡುವುದಕ್ಕೆ ಆರೋಗ್ಯವಾಗಿದ್ದರೂ, ಅದರ ಹಾಲಿನಲ್ಲಿಯೂ ಮುಂದಿನ ಈತದ ಸ್ರಾವದಲ್ಲಿಯೂ ರೋಗಬೀಜಗಳು ಹೊರಡಬಹುದು. ಅದನ್ನು ಮಂದೆಯಲ್ಲಿಟ್ಟರೆ ಮಂದೆ ಕೆಡುತ್ತದೆ. ಸಂತೆಯಲ್ಲಿ ಮಾರಿದರೆ ಇನ್ನೊಬ್ಬನ ಮಂದೆ ಕೆಡುತ್ತದೆ. ಕ್ಲಮೈಡಿಯಾ ರೋಗವಾದರೋ ಬಹುಮಟ್ಟಿಗೆ ಕೊಂಡು ತಂದ ಹೆಣ್ಣುಕುರಿಗಳ ಮೂಲಕವೇ ಹೊಸ ಮಂದೆಯನ್ನು ಹೊಗುತ್ತದೆ. ಹೀಗೆ ಒಂದು ರೋಗದಲ್ಲಿ ಉಳಿಸಿಕೊಳ್ಳಬೇಕಾದ ಕುರಿಯನ್ನು ಇನ್ನೊಂದರಲ್ಲಿ ಬೇರ್ಪಡಿಸಬೇಕಾಗಿದೆ. ಔಷಧದ ವಿಷಯವೂ ಹೀಗೆಯೇ. ಆಕ್ಸಿಟೆಟ್ರಾಸೈಕ್ಲಿನ್ ಚುಚ್ಚುಮದ್ದು ಕ್ಲಮೈಡಿಯಾ ಹೊಕ್ಕ ಮಂದೆಯಲ್ಲಿ ಉಳಿದ ಗಬ್ಬಗಳ ನಷ್ಟವನ್ನು ತಗ್ಗಿಸಬಹುದು. ನೀಲಿ ನಾಲಿಗೆಯ ವೈರಸ್ಸಿನ ಮೇಲೆ ಅದಕ್ಕೆ ಯಾವ ಅಧಿಕಾರವೂ ಇಲ್ಲ.

ಊಹೆಯಿಂದ ಕಾರಣವನ್ನು ಗೊತ್ತುಮಾಡುವುದು ಹಳ್ಳಿಯವರ ದೋಷವೆಂದು ಯಾರೂ ತಿಳಿಯಬೇಕಾಗಿಲ್ಲ. ಸ್ಕಾಟ್ಲೆಂಡಿನ ಕುರಿಮಂದೆಗಳಲ್ಲಿ ವರ್ಷವರ್ಷವೂ ಕಾಣುತ್ತಿದ್ದ ಒಂದು ಬಗೆಯ ಗರ್ಭಪಾತವನ್ನು 1936ರಲ್ಲಿ ವಿವರಿಸಿದ ಗ್ರೀಗ್ ಎಂಬ ಪಶುವೈದ್ಯ ವಿದ್ವಾಂಸರು, ಆಹಾರದಲ್ಲಿನ ಕೊರತೆಯೇ ಅದಕ್ಕೆ ಕಾರಣವಿರಬೇಕೆಂದು ಭಾವಿಸಿದ್ದರು. 1950ರಲ್ಲಿ ಸ್ಟ್ಯಾಂಪ್ ಮತ್ತು ಅವರ ಸಂಗಡಿಗರು ಮಾಸನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪರೀಕ್ಷಿಸಿ, ಅದು ಅಂಟುವ ರೋಗವೆಂದು ತೋರಿಸಿಕೊಟ್ಟರು. ಈಗ ಕ್ಲಮೈಡಿಯಾ ಎಂದು ಕರೆಯುವುದು ಅದನ್ನೇ. ಮಾಸನ್ನು ಪರೀಕ್ಷಿಸದಿದ್ದರೆ ವಿದ್ವಾಂಸರ ಊಹೆಯೂ ತಪ್ಪಬಹುದೆಂಬುದಕ್ಕೆ ಇದು ನಿದರ್ಶನ.

ಇದು ಕೇವಲ ಕುರಿಗಳ ಪ್ರಶ್ನೆಯೂ ಅಲ್ಲ. ಮಾಲ್ಟಾ ದ್ವೀಪದಲ್ಲಿ ಸಿಪಾಯಿಗಳನ್ನು ಕಾಡುತ್ತಿದ್ದ ಜ್ವರದ ಸೂಕ್ಷ್ಮಜೀವಿಯನ್ನು 1887ರಲ್ಲಿ ಡೇವಿಡ್ ಬ್ರೂಸ್ ಎಂಬ ವೈದ್ಯರು ಬೇರ್ಪಡಿಸಿದರು. ಅದು ಆಡಿನ ಹಾಲಿನಿಂದ ಬರುವುದೆಂದು 1905ರಲ್ಲಿ ಜಾಮಿಟ್ ಎಂಬವರು ಕಂಡುಹಿಡಿದರು. ಆಡಿನ ಹಸಿ ಹಾಲನ್ನು ನಿಲ್ಲಿಸಿದೊಡನೆ ಸಿಪಾಯಿಗಳಲ್ಲಿ ಜ್ವರವು ಇಳಿದುಹೋಯಿತು. ಆ ಬ್ರೂಸೆಲ್ಲಾವೇ ಇಂದಿಗೂ ಬರಿಗೈಯಿಂದ ಮರಿಯನ್ನು ಎಳೆದು ಮಾಸನ್ನು ಕೀಳುವ ಕುರಿಗಾಹಿಯನ್ನು ಹಿಡಿಯುತ್ತದೆ. ಬಂದು ಬಂದು ಹೋಗುವ ಜ್ವರ, ರಾತ್ರಿಯ ಬೆವರು, ಸೊಂಟ ಕೀಲುಗಳ ನೋವು, ಗಂಡಸರಲ್ಲಿ ವೃಷಣದ ಊತ ಇದರ ಚಿಹ್ನೆಗಳು. ವೈದ್ಯರ ಆಜ್ಞೆಯಂತೆ ಸುಮಾರು ಆರು ವಾರ ಔಷಧ ಸೇವಿಸಬೇಕಾಗುವುದು. ಕುರಿ ಕಂದು ಹಾಕಿದ ಸಂಗತಿಯನ್ನು ವೈದ್ಯರಿಗೆ ತಿಳಿಸದಿದ್ದರೆ, ಈ ಜ್ವರವನ್ನು ಬೇರೆ ಜ್ವರವೆಂದು ತಿಳಿದು ತಿಂಗಳುಗಟ್ಟಲೆ ಚಿಕಿತ್ಸೆ ನಡೆಯುವ ಸಂಭವವುಂಟು. ಕಾಕ್ಸಿಯೆಲ್ಲಾ ಗಾಳಿಯ ಧೂಳಿನಲ್ಲಿಯೂ ಹರಡುತ್ತದೆ. 2007ರಿಂದ 2010ರವರೆಗೆ ನೆದರ್ಲೆಂಡ್ಸ್ ದೇಶದಲ್ಲಿ ಮುಖ್ಯವಾಗಿ ಹಾಲಿನ ಆಡುಗಳ ಹಿಂಡುಗಳಿಂದ ಹರಡಿದ ಕ್ಯೂ ಜ್ವರವು 4,000ಕ್ಕೂ ಹೆಚ್ಚು ಮಂದಿಯಲ್ಲಿ ಕಂಡುಬಂದಿತು. ಗರ್ಭಿಣಿ ಸ್ತ್ರೀಯರು ಕಂದು ಹಾಕಿದ ಕುರಿಯ ಬಳಿಗೇ ಹೋಗಕೂಡದೆಂಬುದನ್ನು ಪ್ರತಿಯೊಂದು ಹಟ್ಟಿಯಲ್ಲಿಯೂ ತಿಳಿದಿರಬೇಕು.

ಶೋಧನೆಗೆ ಬೇಕಾದುದು ಬಹಳವೇನಿಲ್ಲ. ಕಂದು ಹಾಕಿದ ಕುರಿಯನ್ನು ಕೂಡಲೆ ಬೇರೆ ಕಟ್ಟಿ, ಸ್ರಾವವು ಪೂರ್ತಿ ನಿಲ್ಲುವವರೆಗೂ ಕಾರಣ ತಿಳಿಯುವವರೆಗೂ ಅಲ್ಲಿಯೇ ಮೇವು ನೀರು ಕೊಡಬೇಕು. ಕೈಗವಸು ತೊಟ್ಟು, ಕಂದನ್ನೂ ಗುಂಡಿಗಳಂಥ ಗಂಟುಗಳಿರುವ ಮಾಸನ್ನೂ ಸೋರದ ಎರಡು ಪದರದ ಚೀಲದಲ್ಲಿ ಹಾಕಿ, ಐಸಿನ ಜೊತೆಯಲ್ಲಿಟ್ಟು, ಅದೇ ದಿನ ಪಶುವೈದ್ಯ ಶಾಲೆಗೆ ಮುಟ್ಟಿಸಬೇಕು. ಕಂದೊಂದನ್ನೇ ಕಳುಹಿಸಿ ಮಾಸನ್ನು ಬಿಸುಟರೆ ಅರ್ಧ ಸಾಕ್ಷ್ಯವು ನಷ್ಟವಾದಂತೆ. ಹಲವು ರೋಗಗಳ ಗುರುತು ಮಾಸಿನಲ್ಲಿಯೇ ಇರುವುದು. ಕಂದು ಹಾಕಿದ ಕುರಿಗಳ ರಕ್ತವನ್ನು ಪಶುವೈದ್ಯರು ಆಗೊಮ್ಮೆ ಮತ್ತು ಎರಡು ಮೂರು ವಾರಗಳ ತರುವಾಯ ಇನ್ನೊಮ್ಮೆ ತೆಗೆದು ಹೋಲಿಸಿದರೆ ನಿರ್ಣಯವು ಬಲಗೊಳ್ಳುವುದು. ಕುರಿಯನ್ನು ಎಲ್ಲಿ ಯಾವಾಗ ಕೊಂಡದ್ದು, ಎಷ್ಟನೆಯ ತಿಂಗಳ ಗಬ್ಬ, ಮಂದೆ ಯಾವ ಊರುಗಳಲ್ಲಿ ನಿಂತಿತ್ತು, ಯಾವ ಲಸಿಕೆ ಹಾಕಿಸಿದೆ, ಈ ನಾಲ್ಕು ಸಂಗತಿಗಳನ್ನು ಹೇಳುವುದೂ ಅವಶ್ಯಕ. ಪರೀಕ್ಷೆಗೆ ಕಳುಹಿಸದೆ ಉಳಿದುದನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಬೆರೆಸಿ ಹೂಳತಕ್ಕದ್ದು. ಹೊಲದಲ್ಲಿ ಮಂದೆ ನಿಲ್ಲಿಸಿಕೊಂಡ ಒಕ್ಕಲಿಗನು ಸುದ್ದಿ ಕೇಳಿ ಕುರಿಗಾರನನ್ನು ಓಡಿಸುವುದರ ಬದಲು ಗುಂಡಿಗೆ ಸ್ಥಳ ತೋರಿಸಿದರೆ, ಉಪಕಾರವೂ ಆಯಿತು, ಅವನ ಹೊಲವೂ ಶುದ್ಧವಾಗಿರುತ್ತದೆ.

ಇಷ್ಟನ್ನು ಹೇಳಿ ತಪ್ಪನ್ನೆಲ್ಲ ಕುರಿಗಾರನ ಮೇಲೆ ಹೊರಿಸುವುದು ನ್ಯಾಯವಲ್ಲ. ಮಂದೆಗೆ ಕೆಟ್ಟ ಹೆಸರು ಬಂದರೆ ಯಾರೂ ಹೊಲಕ್ಕೆ ಕರೆಯುವುದಿಲ್ಲ. ಮೇಯಿಸುತ್ತ ಊರೂರು ತಿರುಗುವವನಿಗೆ ಐಸು ದೊರೆಯುವುದಿಲ್ಲ. ಕಳುಹಿಸಿದ ಮಾಸಿಗೆ ಉತ್ತರ ಬರುವಷ್ಟರಲ್ಲಿ ಅವನು ನಾಲ್ಕು ಊರು ದಾಟಿರುತ್ತಾನೆ. ಬಡವನಿಗೆ ಸಂತೆಯ ಹಣ ಕೈಗೆ ಬಂದದ್ದು. ಶೋಧನೆಯ ಫಲ ಕಾಣದ್ದು. ಆದುದರಿಂದ ಬುದ್ಧಿ ಹೇಳಿದರೆ ಸಾಲದು, ಬಚ್ಚಿಡುವುದಕ್ಕಿಂತ ತಿಳಿಸುವುದೇ ಲಾಭವೆಂದು ತೋರುವ ಏರ್ಪಾಡು ಬೇಕು. ಕೈಗವಸು, ಚೀಲ, ಐಸಿನ ಪೆಟ್ಟಿಗೆಗಳು ಕುರಿಗಳು ಹೆಚ್ಚಾಗಿರುವ ಹೋಬಳಿಗಳ ಪಶುವೈದ್ಯ ಶಾಲೆಗಳಲ್ಲಿ ಈತದ ಕಾಲಕ್ಕೆ ಸಿದ್ಧವಿರಬೇಕು. ಪರೀಕ್ಷೆಯ ಖರ್ಚು ಕುರಿಗಾರನ ಮೇಲೆ ಬೀಳಕೂಡದು. ಫಲಿತಾಂಶವು ಅವನಿರುವೆಡೆಗೆ ದೂರವಾಣಿಯಲ್ಲಿ ಮುಟ್ಟಬೇಕು. ಬ್ರೂಸೆಲ್ಲಾ ಎಂದು ಸ್ಥಿರಪಟ್ಟ ಕುರಿಯನ್ನು ಮಾರದೆ ಒಪ್ಪಿಸಿದವನಿಗೆ ಅದರ ಬೆಲೆಯ ಬಹುಭಾಗವಾದರೂ ದೊರೆಯಬೇಕು.

ಇದಕ್ಕೆ ಹಣವೆಲ್ಲಿ ಎಂದು ಕೇಳಬಹುದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಬ್ರೂಸೆಲ್ಲಾ ಲಸಿಕೆಯನ್ನು ಗೊತ್ತುಮಾಡಿದ್ದು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮತ್ತು ಎಮ್ಮೆಯ ಹೆಣ್ಣು ಕರುಗಳಿಗೆ. ಕುರಿಗಳಿಗೆ ಅದರಲ್ಲಿ ಭಾಗ ದೊರೆಯಲಿಲ್ಲ. ಲಸಿಕೆಯ ರಕ್ಷಣೆಯಿಲ್ಲದ ಪ್ರಾಣಿಗೆ ಶೋಧನೆಯೊಂದೇ ರಕ್ಷಣೆ. ಬೆಂಗಳೂರಿನ ಹೆಬ್ಬಾಳದಲ್ಲಿಯೂ ಯಲಹಂಕದಲ್ಲಿಯೂ ಇಂಥ ಪರೀಕ್ಷೆಗಳನ್ನು ಬಲ್ಲ ಸಂಸ್ಥೆಗಳಿವೆ. ಕೊರತೆಯಿರುವುದು ಅಡವಿಯ ರೊಪ್ಪಕ್ಕೂ ಆ ಪ್ರಯೋಗಶಾಲೆಗಳಿಗೂ ನಡುವಣ ದಾರಿಯಲ್ಲಿ. ಆ ದಾರಿಯನ್ನು ಸುಗಮ ಮಾಡುವುದು ಇಲಾಖೆಯ ಕರ್ತವ್ಯ. ಮೊದಲನೆಯ ಕಂದನ್ನು ನಾಯಿಗೆ ಎಸೆಯದೆ ಪಶುವೈದ್ಯರಿಗೆ ಮುಟ್ಟಿಸುವುದು ಕುರಿಗಾರನ ಕರ್ತವ್ಯ. ಮೊದಲನೆಯದನ್ನು ಪರೀಕ್ಷೆಗೆ ಕೊಟ್ಟವನು ಉಳಿದ ಗಬ್ಬಗಳಲ್ಲಿ ಎಷ್ಟನ್ನೋ ಉಳಿಸಿಕೊಂಡಾನು; ಹತ್ತನೆಯದು ಬಿದ್ದ ಮೇಲೆ ಓಡಿ ಬಂದವನಿಗೆ ಪಶುವೈದ್ಯರು ರೋಗದ ಹೆಸರನ್ನು ಹೇಳಬಲ್ಲರೇ ಹೊರತು ಮರಿಗಳನ್ನು ಕೊಡಲಾರರು.